ಸರ್ ಎಂ.ವಿ. ಕಾರು ತಯಾರಿಸಿದ್ದರೇ? ಫಾರ್ವರ್ಡ್ ಹೇಳದ ಕಾರ್ಖಾನೆಯ ಕತೆ, ಜೊತೆಗೊಂದು ಫ್ಯೂಯೆಲ್ ಪಂಪ್

ಸೆಪ್ಟೆಂಬರ್ 15 ಹತ್ತಿರ ಬಂತೆಂದರೆ ಮೈಸೂರು ಪೇಟ, ಕೋಟು, ಟೈ ಧರಿಸಿದ ಆ ಫೋಟೊ ವಾಟ್ಸಾಪ್‌ನಲ್ಲಿ ಓಡಾಡಲು ಶುರುವಾಗುತ್ತದೆ. ನಂಜನಗೂಡಿನ ಫ್ಯಾಮಿಲಿ ಗ್ರೂಪಿನಿಂದ ತಿ. ನರಸೀಪುರದ ಹಳೇ ವಿದ್ಯಾರ್ಥಿಗಳ ಗ್ರೂಪಿಗೆ, ಅಲ್ಲಿಂದ ಇನ್ನೆಲ್ಲಿಗೋ. ಫೋಟೊ ಕೆಳಗೆ ಉದ್ದನೆಯ ಬರಹ. ಅದರಲ್ಲಿ ಕನ್ನಂಬಾಡಿ ಕಟ್ಟೆ ಇರುತ್ತದೆ, ಎರಡು ಮೇಣದಬತ್ತಿ ಇರುತ್ತವೆ, ಓಡುವ ರೈಲಿನಲ್ಲಿ ಕೂತು ಹಳಿ ಬಿರುಕು ಬಿಟ್ಟದ್ದನ್ನು ಸದ್ದಿನಿಂದಲೇ ಪತ್ತೆ ಮಾಡಿದ್ದೂ ಇರುತ್ತದೆ. ಇಂಥ ಬರಹಗಳಿಗೆ ಆಗಾಗ ಇನ್ನೊಂದು ಸಾಲು ಸೇರಿಕೊಳ್ಳುತ್ತದೆ: ಭಾರತದ ಮೊದಲ ಕಾರು ತಯಾರಿಸಿದ್ದು ಸರ್ ಎಂ. ವಿಶ್ವೇಶ್ವರಯ್ಯ, ಬ್ರಿಟಿಷರು ಅದನ್ನು ಮುಚ್ಚಿಹಾಕಿದರು.

ನಾವು ಇವತ್ತು ಎತ್ತಿಕೊಂಡಿರುವುದು ಈ ಕೊನೆಯ ಸಾಲನ್ನು. ಚಿಕ್ಕ ಉತ್ತರ ಸಾಕು ಅನ್ನುವವರಿಗೆ: ಅವರು ಕಾರು ತಯಾರಿಸಲಿಲ್ಲ. ಕಾರು ತಯಾರಿಸುವ ಕಾರ್ಖಾನೆ ಆಗಬೇಕೆಂದು ಎಪ್ಪತ್ತು ದಾಟಿದ ಮೇಲೆ ವರ್ಷಗಟ್ಟಲೆ ಓಡಾಡಿದರು. ಅದು ಮೈಸೂರು ಸಂಸ್ಥಾನದಲ್ಲಿ ಆಗದಂತೆ ಬ್ರಿಟಿಷ್ ಸರ್ಕಾರ ತಡೆದದ್ದು ಮಾತ್ರ ನಿಜ. ಪೂರ್ತಿ ಕತೆ ಬೇಕಾದವರು ಮುಂದೆ ಓದಿ, ಫಾರ್ವರ್ಡ್‌ಗಿಂತ ಚೆನ್ನಾಗಿದೆ.

ಮೊದಲು ಮಾಡಿ ನೋಡು, ಆಮೇಲೆ ದೊಡ್ಡದು ಕಟ್ಟು

ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದವರು ಅವರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು, ಹುಡುಗ ಚಿಕ್ಕವನಿರುವಾಗಲೇ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ನೀಗಿಸಿಕೊಂಡರು. 1881ರಲ್ಲಿ ಬಿ.ಎ. ಆಯಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ 1883ರಲ್ಲಿ ಎಂಜಿನಿಯರಿಂಗ್ ಮುಗಿಸಿದರು. ಮರುವರ್ಷ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್.

ಹುಟ್ಟಿದ ವರ್ಷದ ಬಗ್ಗೆ ಒಂದು ಮಾತು. 1861 ಎಂದು ಹೆಚ್ಚಿನ ಕಡೆ ಇದೆ, 1860 ಎಂದೂ ಕೆಲವು ಕಡೆ ಇದೆ. ಶತಮಾನೋತ್ಸವದ ಅಂಚೆ ಚೀಟಿ ಬಂದದ್ದು 1960ರಲ್ಲಿ. ಹಾಗಾಗಿ ಎಷ್ಟು ವರ್ಷ ಬದುಕಿದರು ಅನ್ನುವ ಲೆಕ್ಕದಲ್ಲಿ ಗ್ರೂಪಿನಲ್ಲಿ ಜಗಳ ಆದರೆ ಬಿಟ್ಟುಬಿಡಿ. ಯಾವ ಲೆಕ್ಕ ಹಿಡಿದರೂ ನೂರು ತುಂಬಿಸಿದ್ದರು.

ಅವರ ಕೆಲಸದ ರೀತಿ ಗೊತ್ತಾಗಬೇಕಾದರೆ ಕನ್ನಂಬಾಡಿಗಿಂತ ಮುಂಚೆ ಪುಣೆ ಬಳಿಯ ಖಡಕ್‌ವಾಸ್ಲಾಗೆ ಹೋಗಬೇಕು. ಅಲ್ಲಿನ ಕೆರೆಯ ಕೋಡಿಯ ಮೇಲೆ 1903ರಲ್ಲಿ ಅವರು ತಮ್ಮದೇ ವಿನ್ಯಾಸದ ಸ್ವಯಂಚಾಲಿತ ಗೇಟುಗಳನ್ನು ಕೂರಿಸಿದರು. ಸಮಸ್ಯೆ ಸರಳ. ಕೋಡಿ ಎತ್ತರಿಸಿದರೆ ಹೆಚ್ಚು ನೀರು ನಿಲ್ಲುತ್ತದೆ, ಆದರೆ ಪ್ರವಾಹ ಬಂದ ರಾತ್ರಿ ಆ ಎತ್ತರವೇ ಕಟ್ಟೆಗೆ ಮುಳುವಾಗುತ್ತದೆ. ಆಳು ಇಟ್ಟು ಗೇಟು ಎತ್ತಿಸೋಣ ಎಂದರೆ ಆ ಆಳು ಸರಿಹೊತ್ತಿಗೆ ಎದ್ದಿರಬೇಕು. ಇವರ ಗೇಟಿನಲ್ಲಿ ಏರಿದ ನೀರೇ ಆಳಿನ ಕೆಲಸ ಮಾಡುತ್ತದೆ. ಮಟ್ಟ ಮೀರಿದ ನೀರಿನ ಬಲದಿಂದ ಗೇಟು ಎದ್ದುಕೊಳ್ಳುತ್ತದೆ, ಮಟ್ಟ ಇಳಿದರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಕರೆಂಟು ಬೇಡ, ಕಾವಲೂ ಬೇಡ. ಇದಕ್ಕೆ ಅವರು ಪೇಟೆಂಟ್ ಪಡೆದರು. ಒಂದು ಕೆರೆಯಲ್ಲಿ ಒಪ್ಪಿಗೆಯಾದ ಮೇಲೆ ಗ್ವಾಲಿಯರ್‌ನ ಟಿಗ್ರಾದಲ್ಲಿ, ಕೊನೆಗೆ ಕನ್ನಂಬಾಡಿಯಲ್ಲಿ ಈ ಬಗೆಯ ಗೇಟುಗಳು ಬಂದವು. ಕನ್ನಂಬಾಡಿಯಿಂದ ಬಿಟ್ಟ ಕಾವೇರಿ ನೀರು, ನಂಜನಗೂಡು ದಾಟಿ ಬಂದ ಕಪಿಲೆ, ಎರಡೂ ಸೇರುವುದು ತಿ. ನರಸೀಪುರದ ಸಂಗಮದಲ್ಲಿ. ಅಲ್ಲಿನ ಮಳೆಗಾಲ ನೋಡಿದವರಿಗೆ ಗೇಟು ಸರಿಯಾದ ಹೊತ್ತಿಗೆ ತೆರೆಯುವುದೆಂದರೆ ಏನು ಎಂದು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನದು ಶಾಲೆಯ ಪಾಠದಲ್ಲೇ ಇದೆ. 1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್, 1912ರಿಂದ 1918ರವರೆಗೆ ದಿವಾನರು. ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾನಿಲಯ, ಗಂಧದೆಣ್ಣೆ ಕಾರ್ಖಾನೆ ಆ ವರ್ಷಗಳವು. 1923ರಿಂದ 1929ರವರೆಗೆ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರು. ಇಷ್ಟಕ್ಕೆ ನಿಲ್ಲಿಸಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ.

ಆ ಕಾಲದ ಕಾರು ಹೇಗಿತ್ತು?

ಕಾರ್ಖಾನೆ ಯಾಕೆ ಬೇಕಿತ್ತು ಎಂದು ತಿಳಿಯಲು ಬಾನೆಟ್ ಎತ್ತಿ ಒಂದೇ ಒಂದು ಭಾಗ ನೋಡೋಣ, ಫ್ಯೂಯೆಲ್ ಪಂಪ್.

ಟ್ಯಾಂಕಿನಲ್ಲಿರುವ ಪೆಟ್ರೋಲು ಎಂಜಿನ್‌ಗೆ ಹೋಗಬೇಕು. ಹಳೆಯ ಕಾರುಗಳಲ್ಲಿ ಟ್ಯಾಂಕು ಎತ್ತರದಲ್ಲಿರುತ್ತಿತ್ತು, ಪೆಟ್ರೋಲು ತಾನೇ ಇಳಿದು ಬರುತ್ತಿತ್ತು. ಕಾರ್ಬುರೇಟರ್ ಇರುವ ಬೈಕಿನಲ್ಲಿ ಈಗಲೂ ಹಾಗೆಯೇ. ಅಮೆರಿಕದ ಫೋರ್ಡ್ ಮಾಡೆಲ್ ಟಿ ಕಾರಿನ ಟ್ಯಾಂಕು ಇದ್ದದ್ದು ಸೀಟಿನ ಕೆಳಗೆ. ಕಡಿದಾದ ದಿಬ್ಬದಲ್ಲಿ ಮೂತಿ ಮೇಲಾದಾಗ, ಟ್ಯಾಂಕಿನಲ್ಲಿ ಪೆಟ್ರೋಲು ಕಡಿಮೆಯಿದ್ದರೆ, ಎಂಜಿನ್‌ವರೆಗೆ ಅದು ಹರಿಯುತ್ತಲೇ ಇರಲಿಲ್ಲ. ಅದಕ್ಕೆ ಜನ ಕಂಡುಕೊಂಡ ಉಪಾಯ, ದಿಬ್ಬವನ್ನು ರಿವರ್ಸ್ ಗೇರಿನಲ್ಲಿ ಹತ್ತುವುದು! ಇದು ಫಾರ್ವರ್ಡ್ ಅಲ್ಲ, ನಿಜ.

ಆಮೇಲೆ ಟ್ಯಾಂಕು ಕಾರಿನ ಹಿಂದಕ್ಕೆ, ಕೆಳಕ್ಕೆ ಹೋಯಿತು. ಎಂಜಿನ್ ಉಸಿರೆಳೆಯುವಾಗ ಆಗುವ ನಿರ್ವಾತದಿಂದಲೇ ಪೆಟ್ರೋಲನ್ನು ಎಳೆದುಕೊಳ್ಳುವ ಸಣ್ಣ ಡಬ್ಬಿಯೊಂದು ಬಂತು. ಅದೂ ಉದ್ದದ ಏರಿನಲ್ಲಿ ಕೈಕೊಡುತ್ತಿತ್ತು. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ನಿರ್ವಾತ ಕಡಿಮೆಯಾಗುತ್ತದೆ, ಎಳೆತವೂ ಕಡಿಮೆ. ಎಂಜಿನ್‌ಗೆ ಪೆಟ್ರೋಲು ಹೆಚ್ಚು ಬೇಕಾದ ಹೊತ್ತಿಗೇ ಡಬ್ಬಿ ಬರಿದು. ನಂತರ ಎಂಜಿನ್ನಿನ ಮೈಗೇ ಬೋಲ್ಟ್ ಹಾಕಿ ಕೂರಿಸುವ ಯಾಂತ್ರಿಕ ಪಂಪು ಬಂತು. ಅದು ಗಟ್ಟಿಮುಟ್ಟು, ಆದರೆ ಎಂಜಿನ್ನಿನ ಕಾವು ಅದಕ್ಕೂ ಏರುತ್ತದೆ. ಪೆಟ್ರೋಲು ಬಲುಬೇಗ ಆವಿಯಾಗುವ ಪದಾರ್ಥ. ಬಿಸಿಯಾದ ಪೈಪಿನಲ್ಲಿ ಅದು ಕುದಿದು ಗುಳ್ಳೆ ಕಟ್ಟಿದರೆ ಪಂಪು ಗಾಳಿಯನ್ನು ಹಿಂಡಿದಂತೆ ಸುಮ್ಮನೆ ಆಡುತ್ತದೆ, ಪೆಟ್ರೋಲು ಮುಂದೆ ಹೋಗುವುದಿಲ್ಲ. ಮೆಕಾನಿಕ್‌ಗಳು ಇದನ್ನು ವೇಪರ್ ಲಾಕ್ ಎನ್ನುತ್ತಾರೆ. ಹಳೆಯ ಅಂಬಾಸಿಡರ್, ಫಿಯೆಟ್ ಓಡಿಸಿದವರ ಮನೆಯಲ್ಲಿ ಕೇಳಿ ನೋಡಿ. ನಂಜನಗೂಡು, ಗುಂಡ್ಲುಪೇಟೆ ದಾಟಿ ಊಟಿ ಘಾಟಿ ಹತ್ತುವಾಗ ಬಾನೆಟ್ ಎತ್ತಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದುದನ್ನು ಅವರು ಹೇಳುತ್ತಾರೆ. ಅದು ಮೂಢನಂಬಿಕೆ ಅಲ್ಲವೇ ಅಲ್ಲ. ಬಟ್ಟೆಯ ನೀರು ಆರುವಾಗ ಪಂಪು ತಣ್ಣಗಾಗುತ್ತದೆ, ಆವಿ ಮತ್ತೆ ದ್ರವವಾಗುತ್ತದೆ, ಗಾಡಿ ಸ್ಟಾರ್ಟ್ ಆಗುತ್ತದೆ.

ವಿದ್ಯುತ್ ಪಂಪು ಈ ತೊಂದರೆಗೆ ಬಂದ ಪರಿಹಾರಗಳಲ್ಲೊಂದು. ಇಂಗ್ಲೆಂಡಿನ ಎಸ್‌ಯು ಕಂಪನಿ 1929ರ ಹೊತ್ತಿಗೆ ಇಂಥದೊಂದನ್ನು ಮಾರುಕಟ್ಟೆಗೆ ತಂದಿತು. ಬಳಿಕ ಬಹುಕಾಲ ನಡೆದ ಮಾದರಿ ಹೀಗಿತ್ತು: ತಂತಿಸುರುಳಿಗೆ ಬ್ಯಾಟರಿ ಕರೆಂಟು ಹೋದಾಗ ಅದು ಆಯಸ್ಕಾಂತವಾಗಿ ಒಂದು ಡಯಾಫ್ರಮ್ ಅನ್ನು ಎಳೆಯುತ್ತದೆ, ಪೆಟ್ರೋಲು ಒಳಗೆ ಬರುತ್ತದೆ. ಎಳೆದ ಕೊನೆಯಲ್ಲಿ ಕರೆಂಟಿನ ಸಂಪರ್ಕ ತಪ್ಪುತ್ತದೆ, ಸ್ಪ್ರಿಂಗ್ ಡಯಾಫ್ರಮ್ ಅನ್ನು ವಾಪಸ್ ತಳ್ಳಿ ಪೆಟ್ರೋಲನ್ನು ಕಾರ್ಬುರೇಟರಿಗೆ ಕಳಿಸುತ್ತದೆ. ಕಾರ್ಬುರೇಟರ್ ತುಂಬಿದರೆ ಅದರ ತೇಲುಗುಂಡು ದಾರಿ ಮುಚ್ಚುತ್ತದೆ, ಪಂಪಿನ ಟಿಕ್ ಟಿಕ್ ತಾನಾಗಿ ನಿಲ್ಲುತ್ತದೆ. ಖಡಕ್‌ವಾಸ್ಲಾದ ಗೇಟಿನಂತೆಯೇ, ಮಟ್ಟವೇ ಹುಕುಂ ಕೊಡುವ ಯಂತ್ರ. ಇದನ್ನು ಎಂಜಿನ್ನಿನಿಂದ ದೂರ, ತಣ್ಣನೆಯ ಜಾಗದಲ್ಲಿ ಕೂರಿಸಬಹುದು ಅನ್ನುವುದೇ ದೊಡ್ಡ ಲಾಭ. ತೊಂದರೆಯೂ ಇತ್ತು. ಸಂಪರ್ಕದ ಬಿಂದುಗಳು ಸುಟ್ಟು ಅಂಟಿಕೊಂಡರೆ ಪಂಪು ಸುಮ್ಮನಾಗುತ್ತಿತ್ತು, ಸ್ಪ್ಯಾನರಿನ ಹಿಡಿಯಿಂದ ಎರಡೇಟು ಕುಟ್ಟಿದರೆ ಮತ್ತೆ ಶುರುವಾಗುತ್ತಿತ್ತು!

ಇಷ್ಟು ಸಣ್ಣ ಭಾಗಕ್ಕೆ ಎಷ್ಟು ಪರೀಕ್ಷೆ ಬೇಕು ಯೋಚಿಸಿ. ಎಷ್ಟು ಬಿಸಿಲಿಗೆ ತಡೆಯುತ್ತದೆ, ಎಷ್ಟು ಏರಿಗೆ, ಎಷ್ಟು ಧೂಳಿಗೆ, ರಬ್ಬರ್ ಎಷ್ಟು ದಿನಕ್ಕೆ ಒಣಗುತ್ತದೆ. ಇಂಗ್ಲೆಂಡಿನ ಚಳಿಯಲ್ಲಿ ಪಾಸಾದ ಪಂಪು ಏಪ್ರಿಲ್ ತಿಂಗಳ ನಂಜನಗೂಡಿನಲ್ಲಿಯೂ ಪಾಸಾಗುತ್ತದೆ ಎಂದು ಹೇಳಲಾಗದು. ಪಂಪಿನಂತೆ ಒಂದು ಕಾರಿನಲ್ಲಿ ಸಾವಿರಾರು ಭಾಗ. 1930ರ ದಶಕದಲ್ಲಿ ನಮ್ಮ ದೇಶದಲ್ಲಿ ಆ ಭಾಗಗಳನ್ನು ಮಾಡಿ, ನಮ್ಮ ರಸ್ತೆಯ ಮೇಲೆ ಓಡಿಸಿ, ಕೆಟ್ಟರೆ ತಿದ್ದುವ ಕಾರು ಕಾರ್ಖಾನೆ ಒಂದೂ ಇರಲಿಲ್ಲ. ಇದ್ದದ್ದು ಜೋಡಣೆ. ಜನರಲ್ ಮೋಟರ್ಸ್ 1928ರಲ್ಲಿ ಮುಂಬೈನಲ್ಲಿ ಶುರು ಮಾಡಿದ್ದು ಅದನ್ನೇ. ಭಾಗಗಳು ಹಡಗಿನಲ್ಲಿ ಪೆಟ್ಟಿಗೆಗಳಲ್ಲಿ ಬರುತ್ತಿದ್ದವು, ಇಲ್ಲಿ ಬೋಲ್ಟ್ ಬಿಗಿಯುತ್ತಿದ್ದರು.

ವಿಶ್ವೇಶ್ವರಯ್ಯನವರು ಹಿಡಿದ ವ್ಯತ್ಯಾಸ ಇದೇ, ಜೋಡಣೆ ಬೇರೆ, ತಯಾರಿಕೆ ಬೇರೆ. ಫಾರ್ವರ್ಡ್‌ಗಳಲ್ಲಿ ಕಾಣಿಸಬೇಕಾದದ್ದು ಇದು, ಕಾಣಿಸುವುದಿಲ್ಲ.

ಎಪ್ಪತ್ತನಾಲ್ಕರಲ್ಲಿ ಕಾರ್ಖಾನೆ ಸುತ್ತಾಟ

1934ರಲ್ಲಿ ಅವರು ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕ ಬರೆದರು. ಮರುವರ್ಷ, ಎಪ್ಪತ್ತನಾಲ್ಕರ ಹತ್ತಿರದ ವಯಸ್ಸಿನಲ್ಲಿ, ಯುರೋಪ್ ಮತ್ತು ಅಮೆರಿಕಕ್ಕೆ ಹೋಗಿ ಮೋಟಾರು ಕಾರ್ಖಾನೆಗಳನ್ನು ನೋಡಿಬಂದರು. ಅವರು ಸಿವಿಲ್ ಎಂಜಿನಿಯರ್, ಮೋಟಾರು ಅವರ ವಿಷಯವಲ್ಲ. ಆದ್ದರಿಂದಲೇ ಹೋಗಿ ನೋಡಿದರು, ಲೆಕ್ಕ ಬರೆದುಕೊಂಡರು. 1936ರಲ್ಲಿ ಯೋಜನೆ ಸಿದ್ಧವಾಯಿತು. ಕಾರನ್ನು ಇಲ್ಲಿ ತಯಾರಿಸಿದರೆ ಅದರ ಸುತ್ತ ಎರಕದವರು, ರಬ್ಬರಿನವರು, ಬಣ್ಣದವರು, ಬ್ಯಾಟರಿಯವರು ತಾವಾಗಿ ಬೆಳೆಯುತ್ತಾರೆ ಎಂಬುದು ಅವರ ಲೆಕ್ಕಾಚಾರದ ತಿರುಳು.

ಮೊದಲು ಗುರಿಯಿಟ್ಟಿದ್ದು ಮುಂಬೈಗೆ. 1937ರಲ್ಲಿ ಅಲ್ಲಿ ಬಿ.ಜಿ. ಖೇರ್ ಅವರ ಕಾಂಗ್ರೆಸ್ ಸರ್ಕಾರ ಬಂತು, ಯೋಜನೆಗೆ ಬೆಂಬಲ ಸಿಕ್ಕಿತು. ಹಡಗು ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕೈಜೋಡಿಸಿದರು. 1939ರಲ್ಲಿ ಯುದ್ಧ ಶುರುವಾಯಿತು, ಕಾಂಗ್ರೆಸ್ ಸರ್ಕಾರಗಳು ರಾಜೀನಾಮೆ ಕೊಟ್ಟವು, ಬೆಂಬಲವೂ ಅವರೊಂದಿಗೆ ಹೋಯಿತು. ಅದೇ ವರ್ಷ ಅಮೆರಿಕಕ್ಕೆ ಹೋದ ವಾಲ್‌ಚಂದ್‌ಗೆ ಫೋರ್ಡ್ ಕಂಪನಿಯಿಂದ ಒಪ್ಪಿಗೆ ಸಿಗಲಿಲ್ಲ. ಕ್ರೈಸ್ಲರ್ ಒಪ್ಪಿತು.

ಆಗ ಮೈಸೂರು ಮುಂದೆ ಬಂತು. ದಿವಾನರು ಮಿರ್ಜಾ ಇಸ್ಮಾಯಿಲ್. ಬೆಂಗಳೂರಿನಲ್ಲಿ ಕಾರ್ಖಾನೆ, ಸಂಸ್ಥಾನದ ಹಣದ ನೆರವು ಎಂಬ ಮಾತುಕತೆ ನಡೆಯಿತು. ಆದರೆ ಸಂಸ್ಥಾನ ಇಷ್ಟು ದೊಡ್ಡ ಹೆಜ್ಜೆ ಇಡಲು ಭಾರತ ಸರ್ಕಾರದ, ಅಂದರೆ ಬ್ರಿಟಿಷರ, ಅಡ್ಡಿ ಇರಬಾರದು. ಅಡ್ಡಿ ಬಂತು. ಯುದ್ಧದ ಕಾಲ, ಕಾರು ಕಾರ್ಖಾನೆ ಯುದ್ಧಕ್ಕೆ ಅಗತ್ಯವಾದ ಉದ್ಯಮವಲ್ಲ ಎಂಬುದು ಅವರ ನಿಲುವು. ಆ ಹೊತ್ತಿನಲ್ಲಿ ಯಂತ್ರ ತರಿಸಬೇಕಾದರೆ ಡಾಲರು ಬೇಕು, ಹಡಗಿನಲ್ಲಿ ಜಾಗ ಬೇಕು, ಎರಡೂ ಸರ್ಕಾರದ ಕೈಯಲ್ಲಿದ್ದವು. ಸೇನೆಗೆ ಲಾರಿಗಳು ಬೇಕಾಗಿದ್ದ ಕಾಲದಲ್ಲೇ ಮೋಟಾರು ಕಾರ್ಖಾನೆ ಬೇಡ ಅಂದದ್ದು ನಮಗೆ ವಿಚಿತ್ರವಾಗಿಯೇ ಕಾಣುತ್ತದೆ. ಇಲ್ಲಿ ಕಾರು ಮಾರುತ್ತಿದ್ದ ವಿದೇಶಿ ಕಂಪನಿಗಳಿಗೆ ಪೈಪೋಟಿ ಬೇಡವಾಗಿತ್ತು ಎಂಬ ಅನುಮಾನ ಆಗಿನವರಿಗೂ ಇತ್ತು. ಅನುಮಾನವನ್ನು ಅನುಮಾನ ಎಂದೇ ಹೇಳಬೇಕು, ಅಷ್ಟೇ.

ಈ ಓಡಾಟದಲ್ಲೇ ಬೆಂಗಳೂರಿಗೆ ಇನ್ನೊಂದು ದಕ್ಕಿತು. ಕಾರಿನ ಕೆಲಸಕ್ಕೆಂದು ಅಮೆರಿಕಕ್ಕೆ ಹೋಗಿದ್ದ ವಾಲ್‌ಚಂದ್ ವಾಪಸಾಗುವಾಗ ವಿಲಿಯಂ ಪಾವ್ಲಿ ಎಂಬ ವಿಮಾನ ವ್ಯಾಪಾರಿಯ ಪರಿಚಯವಾಯಿತು. 1940ರ ಡಿಸೆಂಬರ್‌ನಲ್ಲಿ ಮೈಸೂರು ಸಂಸ್ಥಾನದ ಪಾಲಿನೊಂದಿಗೆ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಹುಟ್ಟಿತು, ಈಗಿನ ಎಚ್‌ಎಎಲ್. ವಿಮಾನ ಯುದ್ಧಕ್ಕೆ ಬೇಕಿತ್ತು, ಅದಕ್ಕೆ ಒಪ್ಪಿಗೆ ಸಿಕ್ಕಿತು. ಹೀಗೆ ಕಾರು ಬೇಡ ಎನಿಸಿಕೊಂಡ ಊರಿಗೆ ವಿಮಾನ ಬಂತು.

ಹಾಗಾದರೆ ಕಾರು ಏನಾಯಿತು?

ವಾಲ್‌ಚಂದ್ ಬಿಡಲಿಲ್ಲ. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾಯಿತು, ಮುಂಬೈನ ಕುರ್ಲಾದ ಕಾರ್ಖಾನೆಯಿಂದ 1947ರಲ್ಲಿ ಕ್ರೈಸ್ಲರ್ ಮಾದರಿಯ ವಾಹನಗಳು ಹೊರಬಂದವು. ಮುಂದೆ ಇದೇ ಕಂಪನಿ ಫಿಯೆಟ್ ಮಾಡಿತು, ಅದೇ ನಂತರ ಪ್ರೀಮಿಯರ್ ಪದ್ಮಿನಿ ಆಯಿತು. ಇತ್ತ ಬಿರ್ಲಾ ಅವರ ಹಿಂದೂಸ್ಥಾನ್ ಮೋಟರ್ಸ್ 1942ರಲ್ಲಿ ಆರಂಭವಾಗಿತ್ತು, ಅಂಬಾಸಿಡರ್ ಅವರದು. ಆದ್ದರಿಂದ ಮೊದಲ ಭಾರತೀಯ ಕಾರು ವಿಶ್ವೇಶ್ವರಯ್ಯನವರದು ಎಂದು ಬರೆದ ಫಾರ್ವರ್ಡ್ ತಪ್ಪು. ಆ ಮುಂಬೈ ಕಾರ್ಖಾನೆಯ ಹಿಂದೆ ಅವರ 1936ರ ಕಾಗದಪತ್ರಗಳ ನೆರಳಿದೆ ಎಂದರೆ ಸರಿ.

ಅವರು ಹಿಡಿದಿದ್ದ ವ್ಯತ್ಯಾಸಕ್ಕೆ ಸರ್ಕಾರದ ಮುದ್ರೆ ಬಿದ್ದದ್ದು ಸ್ವಾತಂತ್ರ್ಯ ಬಂದ ಮೇಲೆ. ಬರೀ ಜೋಡಣೆ ಮಾಡುವವರು ಭಾಗಗಳನ್ನೂ ಇಲ್ಲಿಯೇ ತಯಾರಿಸುವ ಯೋಜನೆ ಕೊಡಬೇಕು, ಇಲ್ಲವಾದರೆ ಜಾಗ ಖಾಲಿ ಮಾಡಬೇಕು ಎಂಬ ನೀತಿ 1953ರಲ್ಲಿ ಬಂತು. ಜನರಲ್ ಮೋಟರ್ಸ್ ಮತ್ತು ಫೋರ್ಡ್ ಎರಡೂ ಅಂಗಡಿ ಮುಚ್ಚಿದವು. ಆ ನೀತಿಯ ಇನ್ನೊಂದು ಮುಖವೂ ಇದೆ, ಅದನ್ನು ಮರೆಮಾಚುವುದು ಸರಿಯಲ್ಲ. ಪೈಪೋಟಿ ಇಲ್ಲದ ಕಂಪನಿಗಳು ಅದೇ ಅಂಬಾಸಿಡರ್, ಅದೇ ಫಿಯೆಟ್ ಅನ್ನು ದಶಕಗಟ್ಟಲೆ ಮಾಡಿಕೊಂಡು ಕೂತವು, ಕೊಳ್ಳುವವರು ವರ್ಷಗಟ್ಟಲೆ ಕ್ಯೂ ನಿಂತರು, ಪಂಪಿನ ಮೇಲಿನ ಒದ್ದೆ ಬಟ್ಟೆಯೂ ಹಾಗೇ ಉಳಿಯಿತು.

ಇನ್ನು ಈಗಿನ ವಿಷಯ. 2020ರ ಏಪ್ರಿಲ್ 1ರಿಂದ ಬಿಎಸ್6 ಬಂದ ಮೇಲೆ ಹೆಚ್ಚಿನ ಬೈಕುಗಳಲ್ಲಿಯೂ ಫ್ಯೂಯೆಲ್ ಇಂಜೆಕ್ಷನ್ ಇದೆ, ವಿದ್ಯುತ್ ಪಂಪು ಟ್ಯಾಂಕಿನ ಒಳಗೇ ಕೂತಿದೆ. ಕೀ ತಿರುಗಿಸಿದಾಗ ಒಂದೆರಡು ಸೆಕೆಂಡು ಕೇಳುವ ಝುಂಯ್ ಸದ್ದು ಅದರದೇ. ನಂಜನಗೂಡು ರಸ್ತೆಯಲ್ಲಿ, ಕಡಕೊಳದ ಹತ್ತಿರದ ಬ್ಯಾತಹಳ್ಳಿಯಲ್ಲಿ ಟಿವಿಎಸ್ ದ್ವಿಚಕ್ರ ವಾಹನಗಳ ಕಾರ್ಖಾನೆಯಿದೆ. ಪೆಟ್ರೋಲಿನೊಳಗೆ ಕರೆಂಟಿನ ಮೋಟಾರು ಇಟ್ಟರೆ ಸ್ಫೋಟವಾಗುತ್ತದೆ ಎಂದು ಹೆದರಿಸುವವರಿದ್ದಾರೆ. ಬೆಂಕಿಗೆ ಗಾಳಿ ಬೇಕು. ಪಂಪು ಪೆಟ್ರೋಲಿನಲ್ಲೇ ಮುಳುಗಿರುತ್ತದೆ. ಟ್ಯಾಂಕಿನ ಉಳಿದ ಜಾಗದಲ್ಲಿ ಪೆಟ್ರೋಲಿನ ಆವಿ ಎಷ್ಟು ದಟ್ಟವಾಗಿರುತ್ತದೆಂದರೆ, ಸಾಮಾನ್ಯವಾಗಿ ಹೊತ್ತಿಕೊಳ್ಳಲು ಸಾಕಾಗುವಷ್ಟು ಗಾಳಿ ಅಲ್ಲಿರುವುದಿಲ್ಲ. ಯಾವಾಗಲೂ ರಿಸರ್ವ್‌ನಲ್ಲೇ ಓಡಿಸಿದರೆ ಪಂಪಿನ ಆಯುಸ್ಸು ಕಡಿಮೆ ಎಂಬ ಮಾತಿನಲ್ಲಿ ಹುರುಳಿದೆ, ಅದನ್ನು ತಣ್ಣಗಿಡುವುದು ಆ ಪೆಟ್ರೋಲೇ.

ಮೇಣದಬತ್ತಿ, ರೈಲು ಹಳಿ?

ಕೇಳಿಯೇ ಕೇಳುತ್ತೀರಿ, ಅದಕ್ಕೇ ಹೇಳಿಬಿಡುತ್ತೇವೆ. ಸರ್ಕಾರಿ ಕೆಲಸಕ್ಕೆ ಒಂದು ದೀಪ, ಸ್ವಂತ ಕೆಲಸಕ್ಕೆ ಇನ್ನೊಂದು ದೀಪ ಎಂಬ ಕತೆಯನ್ನು ಚಾಣಕ್ಯನ ಬಗ್ಗೆಯೂ ಹೇಳುತ್ತಾರೆ, ಅರಬ್ಬರ ಖಲೀಫ ಎರಡನೇ ಉಮರ್ ಬಗ್ಗೆಯೂ ಹೇಳುತ್ತಾರೆ. ಪ್ರಾಮಾಣಿಕರೆನಿಸಿಕೊಂಡವರ ಹೆಸರಿಗೆ ಊರೂರಿನ ಜನ ಅಂಟಿಸುತ್ತ ಬಂದ ಕತೆ ಅದು. ರೈಲಿನ ಕತೆಗೆ ನಾವು ನೋಡಿದ ಫಾರ್ವರ್ಡ್‌ಗಳಲ್ಲಿ ಊರಿಲ್ಲ, ದಿನಾಂಕವಿಲ್ಲ, ರೈಲಿನ ಹೆಸರಿಲ್ಲ. ಇಂಥವನ್ನು ಕತೆಯಾಗಿ ಮಕ್ಕಳಿಗೆ ಹೇಳಿ, ಇತಿಹಾಸವೆಂದು ಕಳಿಸಬೇಡಿ.

ಕಾರಿನ ವಿಷಯದಲ್ಲಿ ಸೋತ ಮೇಲೂ ಅವರು ಸುಮ್ಮನೆ ಕೂರಲಿಲ್ಲ. 1941ರಲ್ಲಿ ದೇಶದ ತಯಾರಕರನ್ನೆಲ್ಲ ಸೇರಿಸಿ ಅಖಿಲ ಭಾರತ ತಯಾರಕರ ಸಂಘ ಕಟ್ಟಿದರು. ಭದ್ರಾವತಿಯ ಕೆಲಸಕ್ಕೆ ತಮಗೆ ಬರಬೇಕಿದ್ದ ಹಣವನ್ನು ಕಸುಬು ಕಲಿಸುವ ಶಾಲೆಗೆ ಬಳಸಿ ಎಂದರು. 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಸಂಸ್ಥೆಗೆ ತಮ್ಮ ಹೆಸರು ಇಡಿಸಿಕೊಳ್ಳಲಿಲ್ಲ, ಮಹಾರಾಜ ಜಯಚಾಮರಾಜೇಂದ್ರರ ಹೆಸರಿಟ್ಟರು. ಈಗ ಎಲ್ಲರೂ ಎಸ್‌ಜೆಪಿ ಅನ್ನುವುದು ಅದನ್ನೇ. 1955ರಲ್ಲಿ ಭಾರತ ರತ್ನ ಬಂತು. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಮೋಟಾರ್‌ಸೈಕಲ್ ತಯಾರಿಸತೊಡಗಿತು. ಟ್ಯಾಂಕಿನಿಂದ ಪೆಟ್ರೋಲು ತಾನೇ ಇಳಿದು ಬರುವ, ಪಂಪೇ ಬೇಡದ ಗಾಡಿ ಅದು. ಮರುವರ್ಷ ಏಪ್ರಿಲ್‌ನಲ್ಲಿ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ನಡೆದದ್ದು ಮುದ್ದೇನಹಳ್ಳಿಯಲ್ಲಿ.